ಅತ್ತೆ ಒಬ್ಬರೇ ಹೋದ ದಿನ

ನಮ್ಮ ಮನೆಯಲ್ಲಿ ನಿಂಬೆಹಣ್ಣು ಕತ್ತರಿಸುವುದು ನನ್ನ ಗಂಡನ ಕೆಲಸ. ಹತ್ತು ವರ್ಷದಿಂದ ಹಾಗೇ ನಡೆದುಬಂದಿದೆ. ಚಿತ್ರಾನ್ನದ ಒಗ್ಗರಣೆ ನನ್ನದು, ಅನ್ನ ಕಲಸುವುದೂ ನನ್ನದೇ. ಆದರೆ ಹಣ್ಣು ಕೊಯ್ದು, ಹಿಂಡಿ, ಬೀಜ ತೆಗೆದು, ಬಟ್ಟಲಿಗೆ ತಟ್ಟೆ ಮುಚ್ಚಿ ಕೊಡುವವರು ಇವರು. ನೆಂಟರು ಯಾರಾದರೂ ನೋಡಿದರೆ, "ಅಡುಗೆಮನೆಗೂ ಬರ್ತಾರಲ್ಲ, ಪುಣ್ಯವಂತೆ ಕಣ್ರೀ ನೀವು" ಎನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸಿ ಸುಮ್ಮನಾಗುತ್ತೇನೆ. ನಿಜವಾದ ಕಾರಣ ಹೇಳಲು ಹೊರಟರೆ ಬಂದವರ ಊಟ ಕೆಡುತ್ತದೆ.

ಕಳೆದ ಭಾನುವಾರ ಇವರು ಮಾಕಳಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಗ್ಯಾಸ್ ಒಲೆ ಸರಿಮಾಡಲು ಬಂದಾತ ಬಿಸಿಲಿನಲ್ಲಿ ಬೆಂದು ಬಂದಿದ್ದ. ಒಂದು ಲೋಟ ಪಾನಕ ಕೊಡೋಣ ಎಂದು, ಯೋಚನೆಯೇ ಮಾಡದೆ ಒಂದು ಹಣ್ಣು ತೆಗೆದು ಚಾಕು ಹಾಕಿಬಿಟ್ಟೆ. ಸಿಪ್ಪೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಬಾಯಲ್ಲಿ ಹತ್ತು ವರ್ಷದ ಹಿಂದಿನ ಆ ಲೋಹದ ರುಚಿ ಬಂದು ಕೂತಿತು. ಕೈಯಲ್ಲಿ ಹಣ್ಣು, ಕಿವಿಯಲ್ಲಿ ಚಿಕ್ಕಬಾಣಾವರದ ಸ್ಟೇಷನ್ನಿನ ಗಂಟೆ. ಪಾಪ, ಆತ ಬರಿಯ ನೀರು ಕುಡಿದು ಹೋದ.

ಆ ದಿನಗಳಲ್ಲಿ ನನಗೆ ಎದೆಯ ಕ್ಯಾನ್ಸರ್ ಆಗಿತ್ತು. ನಲವತ್ತು ತುಂಬಲು ಎರಡು ವರ್ಷ ಬಾಕಿ. ಜಾಲಹಳ್ಳಿಯ ಸರಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕೆಲಸ. ತಾಮ್ರದ ತಂತಿ ಸುತ್ತಿದ ಸುರುಳಿಗಳನ್ನು ಒಂದೊಂದಾಗಿ ಎತ್ತಿ ನೋಡಿ ಪಾಸ್, ರಿಜೆಕ್ಟ್, ರೀವರ್ಕ್ ಎಂದು ಮೊಹರು ಒತ್ತುವುದು. ಹದಿನೈದು ವರ್ಷ ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು ನಾನು. ನನ್ನ ಮೈಯಲ್ಲೇ ಒಂದು ಗಂಟು ಗೋಲಿಯಷ್ಟಾಗುವವರೆಗೆ ಕಣ್ಣಿಗೆ ಬೀಳಲಿಲ್ಲ. ವೈದ್ಯರು ವಿವರ ಹೇಳುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೊಂದೇ: ನನ್ನ ಮೇಲಧಿಕಾರಿಗೆ ಗೊತ್ತಾದರೆ ಏನೆಂದುಕೊಂಡಾರು.

"ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸೋಣ. ನಾಲ್ಕು ಡೋಸ್. ಆಮೇಲೆ ಸ್ಕ್ಯಾನ್ ನೋಡಿ ಆಪರೇಷನ್" ಎಂದರು ವೈದ್ಯರು. ಮೂರು ವಾರಕ್ಕೊಂದು ಡೋಸ್. ಮೊದಲ ಎರಡಕ್ಕೆ ಇವರು ಜೊತೆಗೆ ಬಂದರು. ಇವರದು ಪೀಣ್ಯದ ಖಾಸಗಿ ಕಾರ್ಖಾನೆ. ಅಷ್ಟಕ್ಕೇ ರಜೆ ಮುಗಿಯಿತು. ಮಗಳಿಗೆ ಎಸ್ಸೆಸ್ಸೆಲ್ಸಿ. ಇನ್ನು ಯಾರು ಎಂದು ನಾವಿಬ್ಬರೂ ಲೆಕ್ಕ ಹಾಕುತ್ತ ಕೂತಿದ್ದಾಗ ಅಡುಗೆಮನೆಯ ಬಾಗಿಲಿನಿಂದ ದನಿ ಬಂತು.

"ನಾನು ಹೋಗ್ತೀನಿ ಬಿಡು."

ಅದು ನನ್ನ ಅತ್ತೆ. ನಮ್ಮಿಬ್ಬರ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಜಗಳವಾಡಿದವರಲ್ಲ ನಾವು. ಹದಿನಾರು ವರ್ಷ ಒಂದೇ ಸೂರಿನಡಿ ಇದ್ದು ಒಂದು ಸಲವೂ ದನಿಯೇರಿಸಿರಲಿಲ್ಲ. ಆದರೆ ನಮ್ಮ ಮಾತೆಲ್ಲ ಹಾಲು ಬಂತಾ, ಗ್ಯಾಸ್ ಹೇಳಿದ್ಯಾ, ಮಳೆ ಬರೋ ಹಾಗಿದೆ, ಬಟ್ಟೆ ತೆಗಿ, ಇಷ್ಟರಲ್ಲೇ ಮುಗಿಯುತ್ತಿತ್ತು. ಅವರು ಮಡಿ ಹೆಂಗಸು. ಮಾವ ಹೋದಮೇಲೆ ಹೊರಗಿನ ಒಂದು ತುತ್ತು ತಿಂದವರಲ್ಲ, ನಲ್ಲಿ ನೀರನ್ನೂ ಸ್ವಂತ ತಂಬಿಗೆಯಲ್ಲಿ ಹಿಡಿದು ಕುಡಿಯುವವರು. ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ಮನೆ. ಅದರಾಚೆಗೆ ಬೆಂಗಳೂರು ಎಂಬ ಊರು ಇದೆಯೆಂಬುದು ಅವರಿಗೆ ದಿನಪತ್ರಿಕೆಯಿಂದ ಗೊತ್ತು. ಇಂಥವರು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರಂತೆ. ನಾನೇ ಅವರನ್ನು ಕರೆದುಕೊಂಡು ಹೋಗಬೇಕಲ್ಲ ಎಂದು ನನಗೆ ಒಳಗೊಳಗೇ ಕಿರಿಕಿರಿಯಾಯಿತು.

ತುಮಕೂರು ರಸ್ತೆಯಲ್ಲಿ ಆಗ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದವು. ಬಸ್ಸು ಹತ್ತಿದರೆ ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು. ನಮ್ಮ ಮನೆ ಚಿಕ್ಕಬಾಣಾವರದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ. ಹಾಗಾಗಿ ಬೆಳಗಿನ ಪ್ಯಾಸೆಂಜರ್ ಹಿಡಿದು ಸಿಟಿಗೆ ಹೋಗಿ ಅಲ್ಲಿಂದ ಆಟೋದಲ್ಲಿ ಆಸ್ಪತ್ರೆ. ಗಾಡಿಯಲ್ಲಿ ಕೂತ ಕೂಡಲೇ ಅತ್ತೆ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಗೀರಿ, "ಮೂಸ್ತಾ ಇರು, ವಾಂತಿ ಬರಲ್ಲ" ಎಂದು ಕೈಗೆ ಕೊಡುತ್ತಿದ್ದರು. ವಾಂತಿ ನಿಂತಿತೋ ಇಲ್ಲವೋ ತಿಳಿಯದು. ಆದರೆ ನಿಂಬೆ, ಕೀಮೋದಿಂದ ಬಾಯಲ್ಲಿ ಉಳಿಯುತ್ತಿದ್ದ ಲೋಹದ ರುಚಿ, ವಾಕರಿಕೆ ಎಲ್ಲ ನನ್ನೊಳಗೆ ಗಂಟುಬಿದ್ದು ಒಂದೇ ಆಗಿಹೋದವು.

ಅತ್ತೆಯ ಜೊತೆ ಹೋದ ಮೊದಲ ದಿನವೇ ಹಿನ್ನಡೆ. ಹಿಂದಿನ ದಿನದ ರಕ್ತಪರೀಕ್ಷೆಯ ವರದಿ ನೋಡಿ ನರ್ಸ್ ತಲೆಯಲ್ಲಾಡಿಸಿದಳು.

"ಇವತ್ತು ಆಗಲ್ಲ ಮೇಡಂ. ಕೌಂಟ್ ಇಲ್ಲ. ಮುಂದಿನ ವಾರ ಬನ್ನಿ."

ಬಿಳಿ ರಕ್ತಕಣಗಳು ಕಡಿಮೆಯಾಗಿದ್ದರೆ ಔಷಧ ಕೊಡುವಂತಿಲ್ಲ. ಕೊಟ್ಟರೆ ಜೀವಕ್ಕೇ ಅಪಾಯ. ನಿಮಗೆ ವಿಚಿತ್ರವೆನಿಸಬಹುದು, ಆ ಹೊತ್ತಿಗೆ ನನಗೆ ಅಳು ಬಂತು. ಕೀಮೋದ ಆ ಕೆಂಪು ಔಷಧಕ್ಕೆ ಕನಸಿನಲ್ಲೂ ಹೆದರುತ್ತಿದ್ದವಳು, ಅದು ಇಲ್ಲವೆಂದಾಗ ಯಾರೋ ಊಟದ ಎಲೆ ಎಳೆದುಕೊಂಡ ಹಾಗೆ ಅತ್ತುಬಿಟ್ಟೆ. ಕೀಮೋ ತೆಗೆದುಕೊಳ್ಳುವವರಿಗೆ ಗೊತ್ತಿರುತ್ತದೆ, ಆ ದಿನಕ್ಕಾಗಿ ಮನಸ್ಸು ಬಿಗಿಹಿಡಿದು ಬಂದಿರುತ್ತೇವೆ. ಅದನ್ನು ಮತ್ತೆ ಬಿಚ್ಚಿ ಒಂದು ವಾರ ಇಟ್ಟುಕೊಳ್ಳುವುದು ಬಲು ಕಷ್ಟ.

ನನ್ನ ಅತ್ತೆ ನರ್ಸನ್ನು ಬಿಡಲಿಲ್ಲ. "ಅಷ್ಟು ದೂರದಿಂದ ಬಂದಿದ್ದಾಳಲ್ಲಮ್ಮ. ಪೂರ್ತಿ ಬೇಡ, ಅರ್ಧ ಕೊಟ್ಟು ಕಳಿಸು."

"ಇದು ಪ್ರಸಾದ ಅಲ್ಲಜ್ಜಿ, ಬಂದವರಿಗೆಲ್ಲ ಒಂಚೂರು ಕೊಡೋಕೆ" ಎಂದು ಆಕೆ ನಕ್ಕಳು. ಅತ್ತೆ ನಗಲಿಲ್ಲ. ವಾಪಸು ಬರುವಾಗ ಗಾಡಿಯಲ್ಲಿ, "ಆ ಕೌಂಟು ಅನ್ನೋದು ಯಾವುದರಿಂದ ಹೆಚ್ಚುತ್ತೆ, ಕೇಳಿದ್ಯಾ?" ಎಂದರು. ಅಂದಿನಿಂದ ಆ ಪದ ನಮ್ಮ ಮನೆಯ ಮಾತಾಯಿತು. ಸೊಪ್ಪಿನ ಸಾರು ಹಾಕಿಸಿಕೋ, ಕೌಂಟ್ ಬರುತ್ತೆ. ಬಿಸಿಲಲ್ಲಿ ನಿಲ್ಲಬೇಡ, ಕೌಂಟ್ ಹೋಗುತ್ತೆ. ನಾನು ಸುರುಳಿಗಳಿಗೆ ಒತ್ತುತ್ತಿದ್ದ ಮೊಹರನ್ನು ಈಗ ಯಾರೋ ನನ್ನ ಹಣೆಗೆ ಒತ್ತುತ್ತಿದ್ದರು. ರೀವರ್ಕ್. ಮುಂದಿನ ವಾರ ಬನ್ನಿ.

ಮೂರನೆಯ ಡೋಸ್ ಆದಮೇಲೆ ಜ್ವರ ಬಂತು. ಇಂಥ ಜ್ವರಕ್ಕೆ ತಡಮಾಡುವ ಹಾಗಿಲ್ಲ. ಆಸ್ಪತ್ರೆಗೆ ಸೇರಿಸಿದರು. ಸೋಂಕಿನ ಭಯದಿಂದ ನನ್ನನ್ನು ಒಂದು ಸಣ್ಣ ಕೋಣೆಯಲ್ಲಿ ಒಂಟಿಯಾಗಿ ಇಟ್ಟು ಗಾಜಿನ ಬಾಗಿಲು ಹಾಕಿದರು. ಆರು ದಿನ. ಬಾಗಿಲಾಚೆಯ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅತ್ತೆ ಕೂತಿರುತ್ತಿದ್ದರು. ಇವರು ಕೆಲಸಕ್ಕೆ ಹೋಗುವ ಮೊದಲು ಅವರನ್ನು ಬಿಟ್ಟು, ಮನೆಯ ಡಬ್ಬಿ ಕೊಟ್ಟು ಹೋಗುವುದು. ಒಂದು ದಿನ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಅನ್ನವೆಲ್ಲ ಚೀಲದೊಳಗೆ ಚೆಲ್ಲಿತ್ತು. ಅವತ್ತು ಅವರು ಕ್ಯಾಂಟೀನಿಗೆ ಹೋಗಿ ಉಪ್ಪಿಟ್ಟು ತಿಂದರು. ಇಪ್ಪತ್ತೆರಡು ವರ್ಷಗಳ ಮಡಿ. ನನಗೆ ಇದು ತಿಳಿದದ್ದು ನರ್ಸಿನಿಂದ. ಆಮೇಲೆ ಕೇಳಿದಾಗ ಅತ್ತೆ ಹೇಳಿದ್ದು ಇಷ್ಟೇ: "ಉಪ್ಪು ಜಾಸ್ತಿ ಇತ್ತು."

ಇದನ್ನೆಲ್ಲ ಬರೆಯುವಾಗ ಅವರ ಪ್ರೀತಿ ಎದ್ದು ಕಾಣುತ್ತದೆ. ಆಗ ನನಗೆ ಕಾಣುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ತಲೆ.

ಎರಡನೆಯ ಡೋಸಿನ ನಂತರ ಕೂದಲು ಉದುರತೊಡಗಿತ್ತು. ಮೊದಲು ದಿಂಬಿನ ಮೇಲೆ, ಆಮೇಲೆ ಬಚ್ಚಲಿನ ಜಾಲರಿಯಲ್ಲಿ ಕಪ್ಪು ಉಂಡೆಗಳಾಗಿ. ನನ್ನದು ಸೊಂಟ ಮುಟ್ಟುವ ಜಡೆ. ಹಾಗೆ ಹೇಳಿಕೊಳ್ಳುವುದು ಜಂಬವಾದರೂ ಹೇಳಿಯೇಬಿಡುತ್ತೇನೆ, ಕಾರ್ಖಾನೆಯಲ್ಲಿ ನನ್ನನ್ನು ಗುರುತಿಸುತ್ತಿದ್ದದ್ದೇ ಅದರಿಂದ. ಎರಡು ವಾರದಲ್ಲಿ ತಲೆ ಬರಿದಾಯಿತು. ಕನ್ನಡಿಯಲ್ಲಿ ನೋಡಿಕೊಂಡು, ಪರವಾಗಿಲ್ಲ, ನನ್ನ ತಲೆಯ ಆಕಾರ ಚೆನ್ನಾಗಿದೆ ಎಂದು ಸಮಾಧಾನ ಹೇಳಿಕೊಂಡು ಬಚ್ಚಲಿನಿಂದ ಹೊರಗೆ ಬಂದೆ. ನಡುಮನೆಯಲ್ಲಿ ಅತ್ತೆ ಹೂ ಕಟ್ಟುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಹೂವಿನ ಬುಟ್ಟಿ ಜಾರಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿ ಹಾಗೇ ಕೂತುಬಿಟ್ಟರು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೂ ತಿರುಗಲಿಲ್ಲ.

ಅಲ್ಲಿಂದ ಮುಂದೆ ನನ್ನ ಕೋಣೆಗೆ ಬರುವ ಮೊದಲು ಬಾಗಿಲು ತಟ್ಟಿ ಕೇಳುತ್ತಿದ್ದರು: "ತಲೆಗೆ ಬಟ್ಟೆ ಕಟ್ಕೊಂಡಿದ್ಯಾ?"

ಗಂಜಿ ತರುವಾಗಲೂ ಅದೇ ಪ್ರಶ್ನೆ. ಮಾತ್ರೆ ತರುವಾಗಲೂ ಅದೇ. ಮುತ್ತೈದೆಯ ಬೋಳು ತಲೆ ಅವರ ಕಣ್ಣಿಗೆ ಅಪಶಕುನ, ನನ್ನನ್ನು ಕಂಡರೆ ಅಸಹ್ಯ ಎಂದು ನಾನು ತೀರ್ಮಾನಿಸಿದೆ. ಮೊಹರು ಒತ್ತಿ ರೂಢಿಯಾದ ಕೈ, ಒತ್ತಿಯೇಬಿಟ್ಟೆ. ಇವರಿಗೆ ಹೇಳಲಿಲ್ಲ. ಅಮ್ಮ ಮತ್ತು ಹೆಂಡತಿಯ ನಡುವೆ ಅವರನ್ನು ನಿಲ್ಲಿಸುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನೋವು, ಸುಸ್ತು, ಬಾಯಿಹುಣ್ಣು ಎಲ್ಲವನ್ನೂ ತಡೆದುಕೊಳ್ಳುತ್ತಿದ್ದೆ. ಬಾಗಿಲು ತಟ್ಟುವ ಆ ಸದ್ದನ್ನು ಮಾತ್ರ ತಡೆಯಲಾಗುತ್ತಿರಲಿಲ್ಲ.

ನಾಲ್ಕು ಡೋಸ್ ಮುಗಿದ ಮೇಲೆ ಸ್ಕ್ಯಾನ್ ಆಯಿತು. ವೈದ್ಯರು ಪಟವನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ಒಳ್ಳೆಯವರು, ಸುತ್ತುಬಳಸಿ ಮಾತಾಡುವವರಲ್ಲ.

"ನಾವು ಅಂದ್ಕೊಂಡಷ್ಟು ಕುಗ್ಗಿಲ್ಲಮ್ಮ. ಔಷಧ ಬದಲಾಯಿಸೋಣ. ಇನ್ನೂ ನಾಲ್ಕು ಕೊಡ್ಬೇಕಾಗುತ್ತೆ."

"ಅದರಿಂದ ಕುಗ್ಗುತ್ತಾ?" ಎಂದೆ.

"ಕುಗ್ಗೋ ಸಾಧ್ಯತೆ ಇದೆ. ಖಂಡಿತ ಅಂತ ನಾನು ಹೇಳಲ್ಲ."

ಹೊರಗೆ ಬಂದು ಅತ್ತೆಗೆ ಹೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನಾಲ್ಕು ತಾನೆ" ಎಂದರು. ಆ ಎರಡು ಪದಗಳಿಗೆ ನಾನು ಅವರನ್ನು ದ್ವೇಷಿಸಿದೆ. ಒಳಗೆ ಒಂದು ನಿರ್ಧಾರ ಸದ್ದಿಲ್ಲದೆ ಗಟ್ಟಿಯಾಗುತ್ತಿತ್ತು. ಸಾಕು. ಇದ್ದಷ್ಟು ದಿನ ಮನೆಯಲ್ಲಿರುತ್ತೇನೆ. ಮಗಳ ಪರೀಕ್ಷೆಯವರೆಗೆ ಇದ್ದರೆ ಸಾಕು.

ಐದನೆಯ ಡೋಸಿನ ದಿನ ಬಂತು. ಎಂದಿನಂತೆ ಹೊರಟೆವು. ಏಕೆ ಹೊರಟೆನೋ ನನಗೇ ಗೊತ್ತಿಲ್ಲ. ಇವರ ಎದುರು ಬೇಡವೆನ್ನುವ ಧೈರ್ಯವಿರಲಿಲ್ಲವೇನೋ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಅತ್ತೆ, ತೊಡೆಯ ಮೇಲೆ ಚೀಲ, ಚೀಲದಲ್ಲಿ ಆಸ್ಪತ್ರೆಯ ಫೈಲು, ನೀರಿನ ತಂಬಿಗೆ, ನನ್ನ ಮೊಬೈಲು. ಗಂಟೆ ಬಾರಿಸಿದರು. ಹಳಿಯ ತಿರುವಿನಲ್ಲಿ ಗಾಡಿಯ ಮೂತಿ ಕಾಣಿಸಿತು.

"ನಾನು ಬರಲ್ಲ" ಎಂದೆ.

"ಗಾಡಿ ಬಂತು. ಏಳು."

"ಬರಲ್ಲ ಅಂದ್ನಲ್ಲ. ಇವತ್ತೂ ಬರಲ್ಲ, ಇನ್ಯಾವತ್ತೂ ಬರಲ್ಲ."

"ಹಾಗನ್ನಬಾರ್ದು. ಎದ್ದೇಳೇ."

ಆಗ ನನ್ನ ಬಾಯಿಂದ ಬರಬಾರದ್ದೆಲ್ಲ ಬಂತು. "ನೀವ್ಯಾಕೆ ಬರ್ತೀರಿ ನನ್ನ ಜೊತೆ? ನನ್ನ ತಲೆ ನೋಡೋಕೆ ಆಗಲ್ಲ ನಿಮಗೆ. ಬಟ್ಟೆ ಕಟ್ಕೊಂಡಿದ್ಯಾ ಅಂತ ಕೇಳಿ ಒಳಗೆ ಬರ್ತೀರಿ. ಅಷ್ಟು ಅಸಹ್ಯ ಇರೋಳು ಬದುಕಿ ನಿಮಗೇನಾಗ್ಬೇಕು? ಸಾಯ್ಲಿ ಬಿಡಿ."

ಸುತ್ತ ಇದ್ದವರು ತಿರುಗಿ ನೋಡಿದರು. ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಗಾಡಿ ಬಂದು ನಿಂತಿತು. ಜನ ಇಳಿದರು, ಹತ್ತಿದರು. ಅವರು ಒಮ್ಮೆ ಗಾಡಿಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಚೀಲವನ್ನು ಎದೆಗೆ ಅವಚಿಕೊಂಡು ಎದ್ದು, ಸೀರೆಯ ನೆರಿಗೆ ಎತ್ತಿ ಹಿಡಿದು, ಎತ್ತರದ ಮೆಟ್ಟಿಲನ್ನು ಕಷ್ಟಪಟ್ಟು ಹತ್ತಿದರು. ಬಾಗಿಲಿನಲ್ಲಿ ನಿಂತು ಮತ್ತೆ ನನ್ನ ಕಡೆ ನೋಡಿದರು. ನಾನು ಮುಖ ತಿರುಗಿಸಿದೆ. ಹೆದರಿಸುತ್ತಿದ್ದಾರೆ, ಈಗ ಇಳಿಯುತ್ತಾರೆ ಎಂದುಕೊಂಡೆ.

ಗಾಡಿ ಹೊರಟಿತು. ಅವರು ಇಳಿಯಲಿಲ್ಲ.

ಮೊದಲ ಐದು ನಿಮಿಷ ನನಗೆ ಆದದ್ದು ಸಮಾಧಾನ, ಸುಳ್ಳು ಹೇಳುವುದಿಲ್ಲ. ಪ್ಲಾಟ್‌ಫಾರಂ ಖಾಲಿಯಾಗಿತ್ತು. ಬಿಸಿಲು ಹಿತವಾಗಿತ್ತು. ಆಮೇಲೆ ಒಂದೊಂದಾಗಿ ತಲೆಗೆ ಹೊಳೆಯತೊಡಗಿತು. ಅತ್ತೆ ಒಬ್ಬರೇ ಗಾಡಿ ಹತ್ತಿದವರಲ್ಲ. ಎಲ್ಲಿ ಇಳಿಯಬೇಕೆಂದು ನಾನು ಹೇಳಿದಾಗ ಇಳಿಯುತ್ತಿದ್ದರು ಅಷ್ಟೆ. ಆಸ್ಪತ್ರೆಯ ಹೆಸರು ಫೈಲಿನ ಮೇಲೆ ಇಂಗ್ಲಿಷಿನಲ್ಲಿದೆ, ಅವರಿಗೆ ಇಂಗ್ಲಿಷ್ ಬಾರದು. ಸಿಟಿ ಸ್ಟೇಷನ್ನಿನ ಆ ಜನಜಾತ್ರೆಯಲ್ಲಿ ಯಾವ ಕಡೆ ಹೊರಗೆ ಬರಬೇಕೆಂಬುದೂ ತಿಳಿಯದು. ಅರವತ್ತೇಳು ವರ್ಷದ ಹೆಂಗಸು. ಬಿಪಿ ಇದೆ.

ಸ್ಟೇಷನ್ನಿನ ಹೊರಗಿನ ಅಂಗಡಿಯಲ್ಲಿ ನಾಣ್ಯ ಹಾಕುವ ಫೋನಿತ್ತು. ಅದರಿಂದ ನನ್ನದೇ ಮೊಬೈಲಿಗೆ ಫೋನು ಮಾಡಿದೆ. ರಿಂಗಾಯಿತು, ರಿಂಗಾಗಿ ರಿಂಗಾಗಿ ನಿಂತಿತು. ಯಾವ ಗುಂಡಿ ಒತ್ತಬೇಕೆಂದು ಅವರಿಗೆ ನಾನು ಯಾವತ್ತೂ ತೋರಿಸಿಕೊಟ್ಟಿರಲಿಲ್ಲ. ಮೂರು ಸಲ ಮಾಡಿದೆ. ಎಲ್ಲೋ ಒಂದು ಬೋಗಿಯಲ್ಲಿ, ಚೀಲದೊಳಗೆ ಕಿರುಚುತ್ತಿರುವ ಆ ಯಂತ್ರವನ್ನು ಹೆದರಿಕೆಯಿಂದ ನೋಡುತ್ತಿರುವ ಅವರ ಮುಖ ಕಣ್ಣ ಮುಂದೆ ಬಂತು. ಇವರಿಗೆ ಫೋನು ಮಾಡೋಣವೆಂದರೆ ಏನು ಹೇಳಲಿ? ನಿಮ್ಮಮ್ಮನನ್ನು ಗಾಡಿಗೆ ಹತ್ತಿಸಿ ನಾನು ಸಾಯಲು ಕೂತಿದ್ದೇನೆ ಎನ್ನಲೇ?

ಮುಂದಿನ ಗಾಡಿ ಬರಲು ಒಂದು ಗಂಟೆಯ ಮೇಲಾಯಿತು. ಮೊದಲಿನ ಟಿಕೆಟ್ಟು ಅತ್ತೆಯ ಚೀಲದಲ್ಲಿತ್ತು, ಹೊಸದು ತೆಗೆಯುವುದೂ ಮರೆತು ಹತ್ತಿದೆ. ಬದುಕಿನಲ್ಲಿ ಮೊದಲ ಸಲ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿದೆ. ಯಶವಂತಪುರ ಬಂದಾಗ ಕಿಟಕಿಗೆ ಮುಖವಿಟ್ಟು ಪ್ಲಾಟ್‌ಫಾರಂ ಪೂರ್ತಿ ಕಣ್ಣಾಡಿಸಿದೆ. ಮಲ್ಲೇಶ್ವರದಲ್ಲೂ ಹಾಗೇ. ಬಿಳಿ ಕೂದಲಿನ, ಕಂದು ಸೀರೆಯ ಹೆಂಗಸರು ಲೋಕದಲ್ಲಿ ಅದೆಷ್ಟು ಜನರಿದ್ದಾರೆಂದು ಅವತ್ತು ತಿಳಿಯಿತು. ಸಿಟಿ ಸ್ಟೇಷನ್ನಿನಲ್ಲಿ ವಿಚಾರಣೆಯ ಕಿಟಕಿಗೆ ಹೋಗಿ ಕೇಳಿದೆ, ಕಾವಲಿನ ಪೊಲೀಸರನ್ನು ಕೇಳಿದೆ. ಯಾರೂ ನೋಡಿರಲಿಲ್ಲ. ಆಸ್ಪತ್ರೆಯಲ್ಲೊಮ್ಮೆ ನೋಡಿ, ಇಲ್ಲದಿದ್ದರೆ ಇವರಿಗೆ ಹೇಳುವುದೆಂದು ಆಟೋ ಹತ್ತಿದೆ. ದಾರಿಯುದ್ದಕ್ಕೂ ದೇವರಲ್ಲಿ ಬೇಡಿಕೊಂಡೆ. ಎಷ್ಟೋ ತಿಂಗಳ ನಂತರ ನನ್ನ ಮೈಯ ವಿಷಯ ಬಿಟ್ಟು ಬೇರೆಯದನ್ನು ಬೇಡಿಕೊಂಡದ್ದು ಅದೇ ಮೊದಲು.

ಕೀಮೋ ವಾರ್ಡಿನ ಮುಂದಿನ ಸಾಲುಬೆಂಚಿನ ತುದಿಯಲ್ಲಿ ಅತ್ತೆ ಕೂತಿದ್ದರು. ಬೆನ್ನು ನೆಟ್ಟಗೆ. ತೊಡೆಯ ಮೇಲೆ ಫೈಲು, ಬಲಗೈ ಮುಷ್ಟಿಯಲ್ಲಿ ಟೋಕನ್ ಚೀಟಿ.

ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು. "ಬಂದ್ಯಾ. ಕೂತ್ಕೋ" ಎಂದರು.

ಕೂತೆ. ಆಗ ಒಳಗಿನಿಂದ ನರ್ಸ್ ಬಂದಳು. "ಅಂತೂ ಬಂದ್ರಾ ಮೇಡಂ. ಏನಾಗಿದೆ ನಿಮ್ಗೆ? ಮೂರು ಸಲ ಕರೆದೆ, ಮೂರು ಸಲಾನೂ ಟಾಯ್ಲೆಟ್‌ಗೆ ಹೋಗಿದ್ದಾಳೆ ಅಂತಾರೆ ನಿಮ್ಮತ್ತೆ. ಭೇದಿ ಏನಾದ್ರೂ ಇದ್ರೆ ಡಾಕ್ಟರಿಗೆ ಹೇಳ್ಬೇಕು."

ನಾನು ಅತ್ತೆಯ ಕಡೆ ನೋಡಿದೆ. ಅವರು ಎದುರಿನ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಗಮನವಿಟ್ಟು ನೋಡುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಅದು ಅವರ ಬದುಕಿನ ಮೊದಲ ಸುಳ್ಳು. "ಇಲ್ಲ ಸಿಸ್ಟರ್, ಈಗ ಸರಿಯಾಗಿದೆ" ಎಂದೆ. ಒಳಗೆ ಹೋಗಿ ಕುರ್ಚಿಯಲ್ಲಿ ಒರಗಿದೆ. ನನ್ನ ನರಗಳೆಲ್ಲ ಬಿರುಸಾಗಿ ಹಗ್ಗದಂತಾಗಿದ್ದವು. ಮೂರನೆಯ ಸಲ ಚುಚ್ಚಿದಾಗ ಸೂಜಿ ಕೂತಿತು. ಹೊಸ ಔಷಧ ಹನಿಯತೊಡಗಿತು. ಅತ್ತೆ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಹೇಗೆ ಬಂದ್ರಿ?" ಎಂದೆ.

"ಯಶವಂತಪುರದಲ್ಲೇ ಇಳಿದುಬಿಟ್ಟೆ. ಇದೇ ಅಂದ್ಕೊಂಡೆ. ಆಚೆ ಬಂದ್ರೆ ಏನೂ ಗುರುತು ಹತ್ತಲಿಲ್ಲ. ಅಲ್ಲೇ ಅಳ್ತಾ ನಿಂತಿದ್ದೆ." ಅವರು ಅಳುತ್ತಾ ನಿಂತಿದ್ದೆ ಎಂಬುದನ್ನು ಮಳೆ ಬಂತು ಎನ್ನುವಷ್ಟು ಸಹಜವಾಗಿ ಹೇಳಿದರು. "ಕಟ್ಟಡದ ಕೆಲಸಕ್ಕೆ ಹೋಗೋ ಹೆಂಗಸು ಒಬ್ಬಳು ಬಂದ್ಲು. ಮಲ್ಲಮ್ಮ ಅಂತೆ, ಯಾದಗಿರಿ ಕಡೆಯೋಳು. ಯಾಕ ಅಳಾಕತ್ತೀಯವ್ವ ಅಂದ್ಲು. ಸೊಸೆಗೆ ಕ್ಯಾನ್ಸರು, ಆಸ್ಪತ್ರೆಗೆ ಹೋಗ್ಬೇಕು ಅಂದೆ. ಫೈಲು ತಗೊಂಡು ಯಾರಿಗೋ ತೋರಿಸಿ ಓದಿಸಿದ್ಲು. ಬಾ, ನಾ ಬಿಟ್ಟು ಹೊಕ್ಕೀನಿ ಅಂತ ಕೈ ಹಿಡ್ಕೊಂಡು ಬಸ್ಸು ಹತ್ತಿಸಿದ್ಲು. ಇಲ್ಲೀತನಕ ಕೈ ಬಿಡಲಿಲ್ಲ ಕಣೆ. ಅವಳ ಕೈ ಎಷ್ಟು ಒರಟು ಅಂತೀ. ಇವತ್ತಿನ ಕೂಲಿ ಹೋಗಿರುತ್ತೆ ಪಾಪ."

"ನೀವು ಯಾಕೆ ಹತ್ತಿದ್ರಿ ಗಾಡೀನ?"

"ನೀನು ಮೊಂಡು. ನಿನ್ನ ಹತ್ರ ವಾದ ಮಾಡೋಕೆ ನಂಗೆ ಬರಲ್ಲ. ನಾನು ಕಳೆದುಹೋದ್ರಾದ್ರೂ ಹುಡುಕ್ಕೊಂಡು ಬರ್ತೀಯ ಅನ್ನಿಸ್ತು."

ನಾನು ಕಣ್ಣು ಮುಚ್ಚಿಕೊಂಡೆ. ಕ್ಷಮಿಸಿ ಎನ್ನಬೇಕಿತ್ತು. ಅನ್ನಲಿಲ್ಲ. ಅವರೇ ಮತ್ತೆ ಮಾತಾಡಿದರು, ದನಿ ತಗ್ಗಿಸಿ, ಪಕ್ಕದ ಕುರ್ಚಿಯವರಿಗೆ ಕೇಳದ ಹಾಗೆ.

"ಅಸಹ್ಯ ಅಂದೆಯಲ್ಲ. ಅದು ಅಸಹ್ಯ ಅಲ್ಲ ಕಣೆ. ನಂಗೆ ಭಯ."

ಅವರಿಗೆ ಒಬ್ಬ ಸೋದರತ್ತೆ ಇದ್ದರಂತೆ, ವೆಂಕಮ್ಮ ಎಂದು. ಹದಿನಾರಕ್ಕೇ ಗಂಡ ಸತ್ತು ತವರಿಗೆ ಬಂದವರು. ತಾಯಿಯಿಲ್ಲದ ನನ್ನ ಅತ್ತೆಯನ್ನು ಎತ್ತಿ ಬೆಳೆಸಿದವರು ಅವರೇ. ತಿಂಗಳಿಗೊಮ್ಮೆ ಹಿತ್ತಲಬಾಗಿಲಿಗೆ ಕ್ಷೌರದವನು ಬರುತ್ತಿದ್ದ. ಆ ಹೊತ್ತಿಗೆ ಮಕ್ಕಳನ್ನು ಒಳಗೆ ಕೂಡಿಹಾಕುತ್ತಿದ್ದರು. ಆಮೇಲೆ ವೆಂಕಮ್ಮ ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದರು, ಅಂದು ಯಾರೊಡನೆಯೂ ಮಾತಿಲ್ಲ.

"ನಂಗೆ ಎಂಟೋ ಒಂಬತ್ತೋ. ಒಂದಿನ ಅವಳಿಗೆ ಜ್ವರ. ತಲೆ ಸುಡ್ತಾ ಇದೆ ಕೂಸೇ, ಒಂಚೂರು ಎಣ್ಣೆ ಒತ್ತು ಅಂದ್ಲು. ಸೆರಗು ತೆಗೆದ್ಲು. ನಾನು ಕೈ ಇಟ್ಟೆ. ಮುಳ್ಳು ಮುಳ್ಳು. ಚೀರಿಕೊಂಡು ಓಡಿಹೋಗ್ಬಿಟ್ಟೆ. ಬೀದಿಗೆಲ್ಲ ಕೇಳೋ ಹಾಗೆ." ಅತ್ತೆ ಮುಷ್ಟಿಯನ್ನು ಬಿಚ್ಚಿ ಅಂಗೈಯನ್ನು ನೋಡಿಕೊಂಡರು. "ಅವಳು ಬೈಯಲಿಲ್ಲ. ಆದ್ರೆ ಮತ್ತೆ ಯಾವತ್ತೂ ಏನೂ ಕೇಳಲಿಲ್ಲ ನನ್ನ. ಸಾಯೋವಾಗ್ಲೂ ನೀರು ಅಂತ ಕೇಳಿದ್ದು ಪಕ್ಕದ ಮನೆಯವಳನ್ನ, ನಾನು ಅಲ್ಲೇ ಇದ್ದೆ. ಅವತ್ತು ನೀನು ಬಚ್ಚಲಿಂದ ಬಂದಾಗ ಅವಳೇ ಬಂದು ನಿಂತ ಹಾಗಾಯ್ತು. ನಿನ್ನ ಮುಖ ನೋಡೋಕೆ ಆಗ್ಲಿಲ್ಲ."

ಹದಿನಾರು ವರ್ಷದಲ್ಲಿ ಅವರು ತಮ್ಮ ಬಾಲ್ಯದ ಒಂದು ಮಾತನ್ನೂ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಸೂಜಿ ಇಲ್ಲದ ಕೈಯಿಂದ ನಾನು ತಲೆಯ ಬಟ್ಟೆಯನ್ನು ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಒಂದು ಕೈಗೆ ಬರಲಿಲ್ಲ. ಅವರೇ ಎದ್ದು ಬಿಚ್ಚಿದರು. ಈ ಸಲ ಮುಖ ತಿರುಗಿಸಲಿಲ್ಲ.

"ಮುಟ್ಟಲಾ?" ಎಂದರು.

ಹೂಂ ಎಂದೆ. ಅವರ ಅಂಗೈ ನನ್ನ ನೆತ್ತಿಯ ಮೇಲೆ ಬಂದು ಕೂತಿತು. ಹನಿ ಮುಗಿಯುವವರೆಗೂ ಅವರು ಕೈ ತೆಗೆಯಲಿಲ್ಲ. ನಡುವೆ ನರ್ಸ್ ಬಂದು ಬಾಟಲಿ ಬದಲಾಯಿಸಿ, ನಮ್ಮಿಬ್ಬರನ್ನೂ ನೋಡಿ ಹೋದಳು.

ಅಂದು ಸಂಜೆ ಮನೆ ತಲುಪಿದಾಗ ಇವರು ಬಾಗಿಲಿನಲ್ಲೇ ಕಾಯುತ್ತಿದ್ದರು. "ಯಾಕಿಷ್ಟು ಲೇಟು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಮೊದಲ ಗಾಡೀಲಿ ಜನ ಜಾಸ್ತಿ ಇದ್ರು, ಹತ್ತೋಕಾಗ್ಲಿಲ್ಲ" ಎಂದು ಹೇಳಿ ತಂಬಿಗೆ ತೊಳೆಯಲು ಹೋದರು. ಒಂದೇ ದಿನದಲ್ಲಿ ಅವರಿಗೆ ಸುಳ್ಳು ಚೆನ್ನಾಗಿಯೇ ರೂಢಿಯಾಗಿತ್ತು.

ಹೊಸ ಔಷಧ ಕೆಲಸ ಮಾಡಿತು. ಎಲ್ಲವೂ ಸಲೀಸಾಯಿತು ಎಂದೇನೂ ಅಲ್ಲ. ಏಳನೆಯ ಡೋಸ್ ಎರಡು ಸಲ ಮುಂದಕ್ಕೆ ಹೋಯಿತು, ಕಾಲಿನ ಬೆರಳುಗಳು ಜೋಮು ಹಿಡಿದದ್ದು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಆಪರೇಷನ್ ಆಯಿತು, ಒಂದು ಎದೆ ಹೋಯಿತು, ಆರು ವಾರ ವಿಕಿರಣ ಕೊಟ್ಟರು. ಕೌಂಟ್ ಇಲ್ಲವೆಂದು ವಾಪಸು ಕಳಿಸಿದ ದಿನಗಳಲ್ಲಿ ನಾವಿಬ್ಬರೂ ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿ ಉಪ್ಪಿಟ್ಟು ತಿಂದು ಬರುತ್ತಿದ್ದೆವು. ಅದೊಂದು ನಿಯಮವಾಯಿತು. ಮಗಳು ಪಾಸಾದಳು. ಮುಂದಿನ ವರ್ಷ ನಾನು ಮತ್ತೆ ಕೆಲಸಕ್ಕೆ ಹೋದೆ. ಸುರುಳಿಗಳಿಗೆ ರಿಜೆಕ್ಟ್ ಒತ್ತುವ ಮೊದಲು ಇನ್ನೊಂದು ಸಲ ತಿರುಗಿಸಿ ನೋಡುವ ಅಭ್ಯಾಸ ಅಂಟಿಕೊಂಡಿತು. ನನ್ನ ಮೇಜಿನ ಮೇಲೆ ಮಾಲು ಉಳಿಯುತ್ತದೆಂದು ಮೇಲಧಿಕಾರಿ ಗೊಣಗುತ್ತಿದ್ದರು.

ಮಲ್ಲಮ್ಮನನ್ನು ಹುಡುಕಲು ಒಂದೆರಡು ಸಲ ಯಶವಂತಪುರದಲ್ಲಿ ಇಳಿದೆವು. ಸಿಗಲಿಲ್ಲ.

ಅತ್ತೆ ಹೋಗಿ ಒಂದೂವರೆ ವರ್ಷವಾಯಿತು. ಮಲಗಿದ್ದು ಮೂರೇ ದಿನ. ಆ ದಿನದ ಮಾತನ್ನು ನಾವು ಮತ್ತೆ ಎತ್ತಲೇ ಇಲ್ಲ, ಕ್ಷಮಿಸಿ ಎಂದೂ ನಾನು ಹೇಳಲಿಲ್ಲ. ಅವರಿದ್ದಾಗ ಅದು ನಮ್ಮಿಬ್ಬರದು ಎಂದುಕೊಂಡು ಇವರಿಗೂ ಹೇಳಿರಲಿಲ್ಲ. ಅವರು ಹೋದಮೇಲೆ ಅದು ನನ್ನೊಬ್ಬಳದಾಗಿ ಉಳಿದು ಭಾರವಾಗಿತ್ತು.

ಭಾನುವಾರ ಸಂಜೆ ಇವರು ಮಾಕಳಿಯಿಂದ ಬಂದು ಅಂಗಳದ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಿದ್ದಾಗ ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಅವತ್ತು ಗಾಡಿಯಲ್ಲಿ ಜನ ಜಾಸ್ತಿ ಇರಲಿಲ್ಲ ಎಂದೆ. ಏನಾಯಿತೆಂದು ಚುಟುಕಾಗಿ ಹೇಳಿದೆ.

ಇವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

"ಅಮ್ಮ ಒಬ್ಬಳೇ?" ಎಂದರು. "ನನ್ನ ಸ್ಕೂಲಿಗೆ ಬಿಡೋಕೆ ಬಂದಾಗ ರೋಡು ದಾಟ್ತಿರ್ಲಿಲ್ಲ ಅವಳು. ಈಚೆ ಕಡೆ ನಿಂತು ಹೋಗು ಹೋಗು ಅಂತ ಕೈ ಮಾಡೋಳು."

"ಹೂಂ. ಒಬ್ಬರೇ."

ಇವರು ಬೀದಿಯ ಕಡೆ ನೋಡುತ್ತಿದ್ದರು. "ನೀನು ಅವತ್ತು ನಿಜವಾಗ್ಲೂ ಬಿಟ್ಟುಬಿಡಬೇಕು ಅಂತಿದ್ಯಾ? ಎಲ್ಲಾನೂ?"

ಹತ್ತು ವರ್ಷದಿಂದ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. "ಹೌದು" ಎಂದೆ.

ಚಪ್ಪಲಿಯನ್ನು ನಿಧಾನವಾಗಿ ಕೆಳಗಿಟ್ಟರು. ಎದ್ದು ಒಳಗೆ ಹೋಗುತ್ತಾರೇನೋ ಎಂದುಕೊಂಡೆ. ಹೋಗಲಿಲ್ಲ. ಮೆಟ್ಟಿಲಿನ ಮೇಲೆ ನನ್ನ ಕಡೆಗೆ ಸರಿದು ಕೂತರು.

"ಮೊದಲಿಂದ ಹೇಳು" ಎಂದರು. "ಸ್ಟೇಷನ್ನಿಗೆ ಹೊರಟಾಗಿನಿಂದ. ಏನೂ ಬಿಡಬೇಡ."